ಡೌನ್‌ಲೋಡ್ ಆಯಿತೆಂದು ತಕ್ಷಣ ಅಳಿಸಬೇಡಿ

ಮಾನ್ಯ ಸಂಪಾದಕರೇ,

‘ಗೂಗಲ್ ಉಚಿತವಾಗಿ ಕೊಟ್ಟ 15 ಜಿಬಿ ಜಾಗ ತುಂಬಿತೇ? ಎಲ್ಲವನ್ನೂ ಇಳಿಸಿಕೊಂಡು ಗೂಗಲ್‌ನಿಂದ ಅಳಿಸಿಬಿಡಿ, ದುಡ್ಡು ಕಟ್ಟುವ ಗೋಜೇ ಇಲ್ಲ’ ಎಂಬ ಸಲಹೆ ವಾಟ್ಸ್‌ಆ್ಯಪ್ ಗುಂಪುಗಳಲ್ಲೂ ಯೂಟ್ಯೂಬ್ ವಿಡಿಯೊಗಳಲ್ಲೂ ಧಾರಾಳವಾಗಿ ಸಿಗುತ್ತದೆ. ಇಳಿಸಿಕೊಳ್ಳುವುದಕ್ಕೂ ಅಳಿಸುವುದಕ್ಕೂ ನಡುವೆ ಒಂದಷ್ಟು ಕೆಲಸವಿದೆ. ಅದನ್ನು ಮಾತ್ರ ಯಾರೂ ಹೇಳುವುದಿಲ್ಲ. ಹತ್ತು ವರ್ಷದ ಫೋಟೊಗಳೆಲ್ಲ ಒಂದೇ ತಾರೀಖಿನವಾಗಿ ಕಾಣುವುದು, ಪೆನ್‌ಡ್ರೈವ್ ಫೈಲನ್ನೇ ತೆಗೆದುಕೊಳ್ಳದಿರುವುದು, ಕನ್ನಡದಲ್ಲಿ ಬರೆದದ್ದೆಲ್ಲ ಅರ್ಥವಾಗದ ಚಿಹ್ನೆಗಳ ಸಾಲಾಗುವುದು, ಇವೆಲ್ಲ ಗೊತ್ತಾಗುವುದು ಮೂಲ ಖಾತೆ ಖಾಲಿಯಾದ ಮೇಲೆ. ಆದ್ದರಿಂದ ಈ ಪತ್ರ ಸ್ವಲ್ಪ ಉದ್ದವಾದರೂ ಪ್ರಕಟಿಸಬೇಕೆಂದು ವಿನಂತಿ.

ಗೂಗಲ್ ಖಾತೆಯಲ್ಲಿರುವುದನ್ನು ಹೊರತೆಗೆಯಲು 2011ರಿಂದ ‘ಟೇಕ್‌ಔಟ್’ ಎಂಬ ಸೌಲಭ್ಯವಿದೆ. ಅದರ ಪುಟ ತೆರೆದೊಡನೆ ಬಹುತೇಕ ಎಲ್ಲ ಸೇವೆಗಳಿಗೂ ಮೊದಲೇ ಟಿಕ್ ಬಿದ್ದಿರುತ್ತದೆ. ಹಾಗೇ ಮುಂದುವರಿದರೆ ಮೇಲ್, ಫೋಟೊ, ಡ್ರೈವ್, ಯೂಟ್ಯೂಬ್, ಕ್ರೋಮ್ ಎಲ್ಲ ಸೇರಿ ಒಂದು ದೊಡ್ಡ ಕಟ್ಟಾಗುತ್ತದೆ. ಸಿದ್ಧವಾಗಲು ಗಂಟೆಗಳಿಂದ ದಿನಗಳವರೆಗೆ ಹಿಡಿಯುತ್ತದೆ, ನಡುವೆ ಒಂದು ಸೇವೆ ಕೈಕೊಟ್ಟರೆ ಯಾವುದು ಬಂತು, ಯಾವುದು ಬಿಟ್ಟುಹೋಯಿತು ಎಂದು ಹುಡುಕುವುದೇ ಒಂದು ಕೆಲಸ. ಮೊದಲು ಎಲ್ಲ ಟಿಕ್‌ಗಳನ್ನೂ ತೆಗೆದು, ಬೇಕಾದದ್ದಕ್ಕೆ ಮಾತ್ರ ಹಾಕಿ. ಜಿಮೇಲ್‌ಗೆ ಒಂದು ಕೋರಿಕೆ, ಫೋಟೊಗಳಿಗೆ ಇನ್ನೊಂದು, ಡ್ರೈವ್‌ಗೆ ಮತ್ತೊಂದು. ಫೋಟೊಗಳ ಸಂಗ್ರಹ ದೊಡ್ಡದಿದ್ದರೆ ಅದರೊಳಗೆ ವರ್ಷಗಳ ಪಟ್ಟಿ ತೆರೆದು ನಾಲ್ಕೈದು ವರ್ಷಗಳನ್ನಷ್ಟೇ ಒಮ್ಮೆಗೆ ಆರಿಸಬಹುದು.

ಮುಂದಿನ ಪರದೆಯಲ್ಲಿ ಒಂದೊಂದು ಕಟ್ಟಿನ ಗರಿಷ್ಠ ಗಾತ್ರ ಕೇಳುತ್ತದೆ: 1, 2, 4, 10 ಅಥವಾ 50 ಜಿಬಿ. ಎಲ್ಲವೂ ಒಂದೇ ಫೈಲಿನಲ್ಲಿ ಬರಲಿ ಎಂದು 50 ಆರಿಸುವವರೇ ಹೆಚ್ಚು, ಸಿಕ್ಕಿಬೀಳುವವರೂ ಅವರೇ. ಕಾರಣ ಎರಡು. 32 ಜಿಬಿವರೆಗಿನ ಪೆನ್‌ಡ್ರೈವ್, ಮೆಮೊರಿ ಕಾರ್ಡುಗಳು ಸಾಮಾನ್ಯವಾಗಿ ಅಂಗಡಿಯಿಂದಲೇ ಫ್ಯಾಟ್32 ಮಾದರಿಯಲ್ಲಿ ಫಾರ್ಮ್ಯಾಟ್ ಆಗಿ ಬರುತ್ತವೆ. ಆ ಮಾದರಿಯಲ್ಲಿ ಒಂದು ಫೈಲು 4 ಜಿಬಿ ದಾಟುವಂತಿಲ್ಲ. ಪೆನ್‌ಡ್ರೈವಿನಲ್ಲಿ 28 ಜಿಬಿ ಖಾಲಿ ಇದ್ದರೂ 10 ಜಿಬಿಯ ಫೈಲನ್ನು ವಿಂಡೋಸ್ ‘ತುಂಬ ದೊಡ್ಡದು’ ಎಂದು ನಿರಾಕರಿಸುತ್ತದೆ. ಪೆನ್‌ಡ್ರೈವ್ ಕೆಟ್ಟಿದೆಯೆಂದು ಹೊಸದನ್ನು ಕೊಳ್ಳಬೇಕಿಲ್ಲ. ಅದರಲ್ಲಿರುವುದನ್ನು ಬೇರೆಡೆ ಇಟ್ಟು ಎಕ್ಸ್‌ಫ್ಯಾಟ್ ಮಾದರಿಗೆ ಫಾರ್ಮ್ಯಾಟ್ ಮಾಡಿದರೆ ಸಾಕು. ಎರಡನೆಯದು ನೆಟ್ಟಿನ ವೇಗ. 40 ಎಂಬಿಪಿಎಸ್ ಸಂಪರ್ಕ ಪೂರ್ತಿ ವೇಗದಲ್ಲಿ ಓಡಿದರೂ 50 ಜಿಬಿ ಇಳಿಯಲು ಸುಮಾರು 2 ಗಂಟೆ 45 ನಿಮಿಷ ಬೇಕು. ಅಷ್ಟರಲ್ಲಿ ಒಮ್ಮೆ ಕರೆಂಟು ಹೋದರೆ ಮತ್ತೆ ಮೊದಲಿಂದ. 2 ಜಿಬಿಯ ತುಂಡಾದರೆ ಏಳು ನಿಮಿಷದ ಕೆಲಸ. ಹೋದರೂ ಒಂದು ತುಂಡು ಹೋಯಿತು. ಹಳ್ಳಿಯಲ್ಲಿ ದಿನಕ್ಕೆ 2 ಜಿಬಿಯ ಮೊಬೈಲ್ ಪ್ಯಾಕ್ ನಂಬಿರುವವರು 1 ಜಿಬಿಯನ್ನೇ ಆರಿಸಲಿ.

ಕಟ್ಟು ಸಿದ್ಧವಾದರೆ ಮೇಲ್‌ನಲ್ಲಿ ಕೊಂಡಿ ಬರುತ್ತದೆ. ಅದರ ಆಯಸ್ಸು ಸುಮಾರು 7 ದಿನ. ಒಂದೊಂದು ತುಂಡನ್ನು 5 ಸಲ ಮಾತ್ರ ಇಳಿಸಿಕೊಳ್ಳಬಹುದು. ಅರ್ಧಕ್ಕೆ ನಿಂತದ್ದನ್ನು ಪದೇಪದೇ ಒತ್ತುತ್ತಿದ್ದರೆ ಈ ಅವಕಾಶ ತಾನಾಗಿಯೇ ಮುಗಿಯುತ್ತದೆ. ಆಮೇಲೆ ಹೊಸ ಕೋರಿಕೆಯೇ ಗತಿ. ದಿನಕ್ಕೆ 2 ಜಿಬಿ ಪ್ಯಾಕಿನವರಿಗೆ ಏಳು ದಿನದಲ್ಲಿ 14 ಜಿಬಿಗಿಂತ ಹೆಚ್ಚು ಇಳಿಯದು, ಹಾಗಾಗಿ ಕೋರುವಾಗಲೇ ಅದಕ್ಕಿಂತ ಕಡಿಮೆ ಕೋರಬೇಕು. ‘ಅಡ್ವಾನ್ಸ್ಡ್ ಪ್ರೊಟೆಕ್ಷನ್’ ಎಂಬ ಹೆಚ್ಚಿನ ಭದ್ರತೆಗೆ ಸೇರಿದವರ ಕೋರಿಕೆಯನ್ನು ಗೂಗಲ್ ಬೇಕೆಂದೇ ಎರಡು ದಿನ ತಡೆದು ಆರಂಭಿಸುತ್ತದೆ, ಅದು ದೋಷವಲ್ಲ.

ಕೊಂಡಿಯ ಬದಲು ‘ಡ್ರೈವ್‌ಗೆ ಸೇರಿಸಿ’ ಎಂಬ ಆಯ್ಕೆಯೂ ಇದೆ. ಜಾಗ ತುಂಬಿದ್ದರಿಂದಲೇ ಈ ಕೆಲಸಕ್ಕೆ ಇಳಿದವರು ಅದನ್ನು ಆರಿಸಬಾರದು. ಮೇಲ್, ಫೋಟೊ, ಡ್ರೈವ್ ಮೂರಕ್ಕೂ ಸೇರಿ ಇರುವುದು ಅದೇ 15 ಜಿಬಿ, ಕಟ್ಟು ಹೋಗಿ ಕೂರುವುದೂ ಅಲ್ಲೇ.

ಕೊಂಡಿ ಒತ್ತಿದರೆ ಅನುಮತಿ ಇಲ್ಲವೆಂದೋ ಪುಟ ಸಿಗಲಿಲ್ಲವೆಂದೋ ಬರುವುದಕ್ಕೆ ಸಾಮಾನ್ಯ ಕಾರಣ, ಒಂದೇ ಬ್ರೌಸರಿನಲ್ಲಿ ಎರಡು ಮೂರು ಖಾತೆಗಳು ತೆರೆದಿರುವುದು. ಕೊಂಡಿಯನ್ನು ಬ್ರೌಸರು ಮೊದಲು ತೆರೆದ ಖಾತೆಯಲ್ಲಿ ಹುಡುಕುತ್ತದೆ. ಖಾಸಗಿ ಕಿಟಕಿ ತೆರೆದು ಸಂಬಂಧಪಟ್ಟ ಖಾತೆಗಷ್ಟೇ ಲಾಗಿನ್ ಆಗಿ ಪ್ರಯತ್ನಿಸಿ. ಇನ್ನು ಡೌನ್‌ಲೋಡ್ ಮ್ಯಾನೇಜರ್‌ಗಳು: ಕೊಂಡಿಯ ವಿಳಾಸವನ್ನು ಅವಕ್ಕೆ ನಕಲು ಮಾಡಿ ಕೊಟ್ಟರೆ ಲಾಗಿನ್ ಗುರುತು ಜತೆಗೆ ಹೋಗುವುದಿಲ್ಲ. ಆಗ ಅವು ಕಟ್ಟಿನ ಬದಲು ಲಾಗಿನ್ ಪುಟವನ್ನೇ ಇಳಿಸಿ ಅದಕ್ಕೆ ಜಿಪ್ (ಹಲವು ಫೈಲುಗಳನ್ನು ಒಂದಾಗಿ ಕಟ್ಟಿದ ಫೈಲು) ಎಂದು ಹೆಸರಿಟ್ಟು ಕೊಡುತ್ತವೆ. ಜಿಪ್ ಫೈಲು 2 ಜಿಬಿಯ ಬದಲು ಕೆಲವೇ ಕೆಬಿ ಇದ್ದರೆ ನಡೆದಿರುವುದು ಇದೇ.

ಇಳಿಸಿಕೊಂಡ ತುಂಡುಗಳ ಹೆಸರಿನ ಕೊನೆಗೆ 001, 002 ಎಂದು ಸಂಖ್ಯೆ ಇರುತ್ತದೆ. ಒಂದೊಂದೂ ತನ್ನಷ್ಟಕ್ಕೆ ತಾನೇ ಪೂರ್ಣ ಜಿಪ್. 007 ಕೆಟ್ಟರೆ ಅದನ್ನಷ್ಟೇ ಮತ್ತೆ ಇಳಿಸಿದರಾಯಿತು. ಆದರೆ ಬಿಚ್ಚುವಾಗ ಎಲ್ಲವನ್ನೂ ಒಂದೇ ಫೋಲ್ಡರಿಗೆ ಬಿಚ್ಚಬೇಕು, ಏಕೆಂದರೆ ಒಂದು ಫೋಟೊ 003ರಲ್ಲಿದ್ದು ಅದರ ಮಾಹಿತಿ ಫೈಲು 004ರಲ್ಲಿ ಇರಬಹುದು. ಬಿಚ್ಚುವ ಮೊದಲು ಪ್ರತಿ ತುಂಡನ್ನೂ ಸೆವೆನ್-ಜಿಪ್‌ನ ‘ಟೆಸ್ಟ್’ ಆಯ್ಕೆಯಿಂದ ಪರೀಕ್ಷಿಸಿ; ಈ ತಂತ್ರಾಂಶ ಉಚಿತ.

ವಿಂಡೋಸ್‌ನಲ್ಲಿ ಬಿಚ್ಚುವಾಗ ಹೆಸರು ತುಂಬ ಉದ್ದವಾಯಿತು ಎಂಬ ತಕರಾರು ಬರುವುದುಂಟು. ಸಿ, ಡಿ ಎಂಬ ಡ್ರೈವಿನ ಹೆಸರಿನಿಂದ ಹಿಡಿದು ಫೈಲಿನ ಹೆಸರಿನ ಕೊನೆಯವರೆಗೆ ಇಡೀ ವಿಳಾಸ 260 ಅಕ್ಷರ ಮೀರಬಾರದೆಂಬುದು ಅದರ ಹಳೆಯ ಮಿತಿ. ಡೌನ್‌ಲೋಡ್ಸ್ ಫೋಲ್ಡರಿನೊಳಗೆ ಟೇಕ್‌ಔಟ್ ಎಂಬ ಉದ್ದ ಹೆಸರಿನ ಫೋಲ್ಡರು, ಅದರೊಳಗೆ ಮತ್ತೊಂದು ಟೇಕ್‌ಔಟ್, ಗೂಗಲ್ ಫೋಟೋಸ್, ಆಲ್ಬಮ್ಮಿನ ಹೆಸರು ಎಂದು ಸಾಲು ಬೆಳೆಯುತ್ತದೆ. ‘ಬಿಟ್ಟು ಮುಂದುವರಿ’ ಎಂಬುದನ್ನು ಒತ್ತಿದರೆ ಆ ಫೈಲುಗಳು ಸದ್ದಿಲ್ಲದೆ ಕೈತಪ್ಪುತ್ತವೆ. ಸಿ ಅಥವಾ ಡಿ ಡ್ರೈವಿನ ಮೊದಲ ಹಂತದಲ್ಲೇ ಒಂದಕ್ಷರದ ಹೆಸರಿನ ಫೋಲ್ಡರು ಮಾಡಿ ಅಲ್ಲಿಗೆ ಬಿಚ್ಚುವುದು ಸುಲಭ ಉಪಾಯ. ಲಿನಕ್ಸ್ ಬಳಸುವವರಿಗೆ ಸಮಸ್ಯೆ ಬೇರೆ ಬಗೆಯದು. ಅಲ್ಲಿ ಸಾಮಾನ್ಯವಾಗಿ ಒಂದು ಫೈಲಿನ ಹೆಸರಿಗೆ 255 ಬೈಟ್ ಮಿತಿ. ಕನ್ನಡದ ಒಂದೊಂದು ಯೂನಿಕೋಡ್ ಸಂಕೇತಕ್ಕೂ 3 ಬೈಟ್ ಬೇಕು. ಒತ್ತು, ಗುಣಿತ ಎಲ್ಲ ಲೆಕ್ಕಕ್ಕೆ ಸೇರಿ 85 ಸಂಕೇತಕ್ಕೆ ಹೆಸರು ಮುಗಿಯಿತು. ‘ಸಂಘದ ವಾರ್ಷಿಕ ಮಹಾಸಭೆಯ ನಡಾವಳಿ’ ಎಂದು ಶುರುವಾಗಿ ತಾರೀಖು, ಸ್ಥಳ, ಅಧ್ಯಕ್ಷರ ಹೆಸರಿನವರೆಗೆ ಶೀರ್ಷಿಕೆ ಬರೆಯುವ ಅಭ್ಯಾಸವಿರುವವರು ಗೂಗಲ್ ಡ್ರೈವಿನಲ್ಲೇ ಹೆಸರು ಮೊಟಕುಗೊಳಿಸಿ ಕೋರಿಕೆ ಸಲ್ಲಿಸುವುದು ವಾಸಿ.

ಇನ್ನು ಅತಿ ಹೆಚ್ಚು ಜನ ಗಾಬರಿಯಾಗುವ ಫೋಟೊಗಳ ವಿಷಯ. ಬಿಚ್ಚಿ ನೋಡಿದರೆ ಎಷ್ಟೋ ಫೋಟೊಗಳ ತಾರೀಖು ಡೌನ್‌ಲೋಡ್ ಮಾಡಿದ ದಿನದ್ದೇ ಆಗಿರುತ್ತದೆ, ಪಕ್ಕದಲ್ಲಿ ಹೆಚ್ಚುಕಡಿಮೆ ಅಷ್ಟೇ ಸಂಖ್ಯೆಯ ಜೆಸನ್ ಫೈಲುಗಳು, ಅಂದರೆ ಮಾಹಿತಿಯನ್ನು ಪಠ್ಯರೂಪದಲ್ಲಿ ಬರೆದಿಟ್ಟ ಫೈಲುಗಳು. ‘ಇವು ಕಸ’ ಎಂದು ಅಳಿಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಕ್ಯಾಮೆರಾದಲ್ಲಿ ತೆಗೆದ ಚಿತ್ರದೊಳಗೆ ಎಕ್ಸಿಫ್ ಎಂಬ ತಾರೀಖು, ಸ್ಥಳದ ಮಾಹಿತಿ ಇರುತ್ತದೆ, ಅದು ಹಾಗೇ ಬರುತ್ತದೆ. ಆದರೆ ನೀವು ಗೂಗಲ್ ಫೋಟೋಸ್ ಒಳಗೆ ತಿದ್ದಿದ ತಾರೀಖು, ಬರೆದ ವಿವರಣೆ, ಸೇರಿಸಿದ ಸ್ಥಳ, ಇವು ಇರುವುದು ಆ ಜೆಸನ್ ಫೈಲಿನಲ್ಲಿ ಮಾತ್ರ. ಅಜ್ಜಿಯ ಕಾಲದ ಕಪ್ಪು-ಬಿಳುಪು ಫೋಟೊ ಸ್ಕ್ಯಾನ್ ಮಾಡಿ ‘1968’ ಎಂದು ತಾರೀಖು ಹಾಕಿದ್ದರೆ, ಜೆಸನ್ ಅಳಿಸಿದೊಡನೆ ಆ 1968 ಹೋಯಿತು.

ಆ ಜೆಸನ್ ಫೈಲಿನಲ್ಲಿರುವ ಸಮಯ ಭಾರತದ್ದಲ್ಲ, ಯುಟಿಸಿ ಎಂಬ ಅಂತರರಾಷ್ಟ್ರೀಯ ಪ್ರಮಾಣ ಸಮಯ. ನಮಗಿಂತ ಐದೂವರೆ ಗಂಟೆ ಹಿಂದೆ. 2019ರ ಜನವರಿ 1ರ ಮಧ್ಯರಾತ್ರಿ ಕಳೆದು 10 ನಿಮಿಷಕ್ಕೆ ತೆಗೆದ ಹೊಸ ವರ್ಷದ ಫೋಟೊ ಅದರಲ್ಲಿ 2018ರ ಡಿಸೆಂಬರ್ 31ರ ಸಂಜೆ 6.40 ಎಂದಿರುತ್ತದೆ. ಜೆಸನ್‌ನಿಂದ ತಾರೀಖನ್ನು ಚಿತ್ರದೊಳಗೆ ಸೇರಿಸಲು ಎಕ್ಸಿಫ್‌ಟೂಲ್ ಎಂಬ ಉಚಿತ ಸಾಧನವಿದೆ. ಅದನ್ನು ಓಡಿಸುವಾಗ ಈ ಐದೂವರೆ ಗಂಟೆಯನ್ನು ಲೆಕ್ಕಕ್ಕೆ ಸೇರಿಸದಿದ್ದರೆ ಬೆಳಗಿನ ಜಾವದ ಚಿತ್ರಗಳೆಲ್ಲ ಹಿಂದಿನ ದಿನಕ್ಕೆ ಜಾರುತ್ತವೆ. ಮೊದಲು ಹತ್ತು ಚಿತ್ರಗಳ ನಕಲಿನ ಮೇಲೆ ಓಡಿಸಿ ನೋಡಿ. ಇಂಥ ಸಾಧನಗಳು ಕೆಲವು ಚಿತ್ರಗಳನ್ನು ಬಿಟ್ಟುಬಿಡುವುದಕ್ಕೆ ಕಾರಣ ಹೆಸರುಗಳ ಅಂಕುಡೊಂಕು. ಚಿತ್ರದ ಹೆಸರು ಉದ್ದವಿದ್ದರೆ ಜೆಸನ್‌ನ ಹೆಸರನ್ನು ಟೇಕ್‌ಔಟ್ ಮಧ್ಯಕ್ಕೇ ಕತ್ತರಿಸುತ್ತದೆ. ಒಂದೇ ಹೆಸರಿನ ಎರಡು ಚಿತ್ರಗಳಿದ್ದರೆ ಗುರುತಿಗೆ ಸೇರಿಸುವ ‘(1)’ ಎಂಬುದು ಚಿತ್ರದ ಹೆಸರಿನಲ್ಲಿ ಒಂದೆಡೆ, ಜೆಸನ್‌ನ ಹೆಸರಿನಲ್ಲಿ ಇನ್ನೊಂದೆಡೆ ಕೂರುತ್ತದೆ. ತಿದ್ದಿದ ಚಿತ್ರದ ಹೆಸರಿನ ಕೊನೆಗೆ ‘ಎಡಿಟೆಡ್’ ಎಂದಿದ್ದು ಅದಕ್ಕೆ ಬೇರೆ ಜೆಸನ್ ಇರುವುದೇ ಇಲ್ಲ. ಈಚೆಗೆ ಜೆಸನ್ ಹೆಸರಿನ ನಡುವೆ ‘ಸಪ್ಲಿಮೆಂಟಲ್-ಮೆಟಾಡೇಟಾ’ ಎಂಬ ಬಾಲವನ್ನೂ ಸೇರಿಸಿದ್ದಾರೆ, ಹಾಗಾಗಿ ಹಳೆಯ ಆವೃತ್ತಿಯ ಸಾಧನಗಳಿಗೆ ಜೋಡಿಯೇ ಸಿಗುವುದಿಲ್ಲ. ವಾಟ್ಸ್‌ಆ್ಯಪ್‌ನಿಂದ ಬಂದ ಚಿತ್ರಗಳಲ್ಲಿ ಎಕ್ಸಿಫ್ ಅಳಿಸಿಹೋಗಿರುತ್ತದೆಯಾದರೂ, ಆಂಡ್ರಾಯ್ಡ್‌ನಲ್ಲಿ ಉಳಿಸಿದ್ದರೆ ಫೈಲಿನ ಹೆಸರಿನಲ್ಲೇ ವರ್ಷ, ತಿಂಗಳು, ದಿನ ಎಂಟು ಅಂಕಿಗಳಲ್ಲಿ ಇರುತ್ತದೆ, ಅದೇ ಆಸರೆ.

ಚಿತ್ರದ ಗುಣಮಟ್ಟ ಕುಸಿದಿದೆ ಎಂಬ ದೂರಿಗೆ ಟೇಕ್‌ಔಟ್ ಹೊಣೆಯಲ್ಲ. ಜಾಗ ಉಳಿಸುವ ‘ಸ್ಟೋರೇಜ್ ಸೇವರ್’ ಆಯ್ಕೆಯಲ್ಲಿ ಗೂಗಲ್ ಫೋಟೋಸ್‌ಗೆ ಏರಿಸಿದ್ದರೆ 16 ಮೆಗಾಪಿಕ್ಸೆಲ್‌ಗಿಂತ ದೊಡ್ಡ ಫೋಟೊ, 1080ಪಿ ಗುಣಮಟ್ಟಕ್ಕಿಂತ ಮೇಲಿನ ವಿಡಿಯೊ ಏರಿಸಿದಾಗಲೇ ಕುಗ್ಗಿರುತ್ತದೆ. ಫೋನಿನಲ್ಲಿ ಮೂಲ ಉಳಿದಿದ್ದರೆ ಅದನ್ನೇ ಕಾಪಾಡಿಕೊಳ್ಳಿ.

ಜಿಮೇಲ್ ಸಿಗುವುದು ಎಂಬಾಕ್ಸ್ ಎಂಬ ಒಂದೇ ದೊಡ್ಡ ಫೈಲಾಗಿ. ಅದನ್ನು ಔಟ್‌ಲುಕ್ ನೇರವಾಗಿ ತೆರೆಯದು. ನೋಟ್‌ಪ್ಯಾಡ್‌ನಲ್ಲಿ ತೆರೆಯಹೋದರೆ ಕಂಪ್ಯೂಟರೇ ಮಂಕಾಗುತ್ತದೆ. ಥಂಡರ್‌ಬರ್ಡ್ ಎಂಬ ಮೇಲ್ ತಂತ್ರಾಂಶ ಹಾಕಿಕೊಂಡು, ಅದಕ್ಕೆ ‘ಇಂಪೋರ್ಟ್‌ಎಕ್ಸ್‌ಪೋರ್ಟ್‌ಟೂಲ್ಸ್ ಎನ್‌ಜಿ’ ಎಂಬ ಆಡ್-ಆನ್ ಸೇರಿಸಿ ತೆರೆಯಬಹುದು. ಎಲ್ಲ ಲೇಬಲ್‌ಗಳೂ ಕಲಸಿ ಬರುವುದು ಬೇಡವಾದರೆ ಕೋರುವಾಗಲೇ ಲೇಬಲ್ ಆರಿಸಿ. ಒಂದು ಎಚ್ಚರ: 25 ಎಂಬಿ ಮೀರಿದ ಅಡಕಗಳು ಜಿಮೇಲ್‌ನಲ್ಲಿ ಡ್ರೈವ್ ಕೊಂಡಿಯಾಗಿ ಹೋಗುತ್ತವೆ. ಎಂಬಾಕ್ಸ್‌ನಲ್ಲಿ ಇರುವುದು ಕೊಂಡಿ ಮಾತ್ರ, ಫೈಲು ಕಳಿಸಿದವರ ಡ್ರೈವಿನಲ್ಲಿರುತ್ತದೆ. ಹಾಗೆಯೇ ಇತರರು ನಿಮ್ಮೊಡನೆ ಹಂಚಿಕೊಂಡ ಡ್ರೈವ್ ಫೈಲುಗಳೂ ಟೇಕ್‌ಔಟ್‌ನಲ್ಲಿ ಬರುತ್ತವೆಂದು ನಂಬಿ ಕೂರಬೇಡಿ. ಬೇಕಾದವನ್ನು ಮೊದಲೇ ನಿಮ್ಮ ಡ್ರೈವಿಗೆ ನಕಲು ಮಾಡಿಕೊಳ್ಳಿ. ಹಿಂದೆ ಎಲ್ಲೆಲ್ಲಿ ಓಡಾಡಿದಿರಿ ಎಂಬ ಮ್ಯಾಪ್ಸ್ ಟೈಮ್‌ಲೈನ್ ಈಗ ಗೂಗಲ್ ಸರ್ವರಿನಲ್ಲಿಲ್ಲ, ಫೋನಿನಲ್ಲಿದೆ. ಆಂಡ್ರಾಯ್ಡ್‌ನ ಲೊಕೇಶನ್ ಸೆಟ್ಟಿಂಗ್ಸ್ ಒಳಗಿನ ಟೈಮ್‌ಲೈನ್‌ನಿಂದ ಬೇರೆಯಾಗಿ ತೆಗೆಯಬೇಕು.

ಕನ್ನಡಿಗರಿಗೇ ಮೀಸಲಾದಂತೆ ಕಾಡುವ ತೊಂದರೆ ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳದು. ಅಲ್ಲಿಂದ ಮಾಹಿತಿ ತರಿಸುವಾಗ ಎಚ್‌ಟಿಎಂಎಲ್ (ಬ್ರೌಸರಿನಲ್ಲಿ ತೆರೆದು ಓದುವ ಪುಟ) ಬೇಕೋ ಜೆಸನ್ ಬೇಕೋ ಎಂದು ಕೇಳುತ್ತದೆ. ಜೆಸನ್ ತರಿಸಿದವರಿಗೆ ತಮ್ಮ ಕನ್ನಡ ಬರಹವೆಲ್ಲ ನೆತ್ತಿಯ ಮೇಲೆ ಓರೆಗೆರೆಯಿರುವ ಇಂಗ್ಲಿಷ್ ‘ಎ’, ಅದರ ಪಕ್ಕ ಮೇಲಕ್ಕೆ ಏರಿಸಿದ ಪುಟ್ಟ 2 ಅಥವಾ 3, ಹೀಗೆಯೇ ಸಾಲುಗಟ್ಟಿ ಕಾಣುತ್ತದೆ. ಬರಹ ನಾಶವಾಗಿಲ್ಲ. ‘ಅಮ್ಮ’ ಎಂಬುದರಲ್ಲಿ ಅ, ಮ, ಅರ್ಧಾಕ್ಷರದ ಚಿಹ್ನೆ, ಮತ್ತೆ ಮ ಎಂದು ನಾಲ್ಕು ಸಂಕೇತಗಳಿವೆ, ಒಟ್ಟು 12 ಬೈಟ್. ಆ ಫೈಲಿನಲ್ಲಿ ಒಂದೊಂದು ಬೈಟನ್ನೂ ಒಂದೊಂದು ಲ್ಯಾಟಿನ್ ಅಕ್ಷರವೆಂದು ಎಣಿಸಿ ಬರೆದಿರುತ್ತಾರೆ, ಹಾಗಾಗಿ ನಾಲ್ಕು ಹನ್ನೆರಡಾಗಿದೆ. ಕನ್ನಡದ ಎಲ್ಲ ಸಂಕೇತಗಳ ಮೊದಲ ಎರಡು ಬೈಟ್‌ಗಳು ಎರಡೇ ಬಗೆಯವಾದ್ದರಿಂದ ಆ ‘ಎ’ ಮತ್ತು ಪುಟ್ಟ 2, 3 ಮರುಕಳಿಸುತ್ತವೆ. ನೋಟ್‌ಪ್ಯಾಡ್‌ನಲ್ಲಿ ಎನ್‌ಕೋಡಿಂಗ್ ಬದಲಿಸಿದರೆ ಇದು ಸರಿಹೋಗದು, ಏಕೆಂದರೆ ತಪ್ಪು ಫೈಲಿನೊಳಗೇ ಬರೆದಾಗಿದೆ. ಪೈಥಾನ್ ಬಲ್ಲವರು ಮೊದಲು ಜೆಸನ್ ಓದಿಸಿಕೊಂಡು, ಆಮೇಲೆ ಒಂದೊಂದು ಪಠ್ಯವನ್ನೂ ಲ್ಯಾಟಿನ್-1ಕ್ಕೆ ಎನ್‌ಕೋಡ್ ಮಾಡಿ, ಸಿಕ್ಕ ಬೈಟ್‌ಗಳನ್ನು ಯುಟಿಎಫ್-8 ಎಂದು ಡಿಕೋಡ್ ಮಾಡಿದರೆ ಕನ್ನಡ ಮರಳುತ್ತದೆ. ಈ ಕ್ರಮ ಹಿಂದುಮುಂದಾದರೆ ಫಲವಿಲ್ಲ. ಓದುವುದಷ್ಟೇ ಉದ್ದೇಶವಾದವರು ಎಚ್‌ಟಿಎಂಎಲ್ ತರಿಸಿದರೆ ಈ ರಗಳೆಯೇ ಇಲ್ಲ. ಇಷ್ಟು ದೊಡ್ಡ ಕಂಪನಿ ವರ್ಷಗಳಿಂದ ಇದನ್ನು ಹಾಗೇ ಬಿಟ್ಟಿರುವುದು ಉದಾಸೀನವಲ್ಲದೆ ಮತ್ತೇನೂ ಅಲ್ಲ.

ಇದನ್ನೇ ಹೋಲುವ, ಆದರೆ ಬೇರೆ ಕಾರಣದ ಸಮಸ್ಯೆ ಎಕ್ಸೆಲ್‌ನದು. ಫೋನ್ ಸಂಪರ್ಕಗಳ ಸಿಎಸ್‌ವಿ (ಪಟ್ಟಿಯನ್ನು ಬರೀ ಪಠ್ಯವಾಗಿ ಇಟ್ಟ) ಫೈಲನ್ನು ಎರಡು ಸಲ ಒತ್ತಿ ತೆರೆದರೆ ಕನ್ನಡ ಹೆಸರುಗಳು ಕೆಡುತ್ತವೆ. ಇಲ್ಲಿ ಫೈಲು ಸರಿಯಾಗಿಯೇ ಇದೆ, ಎಕ್ಸೆಲ್ ತಪ್ಪಾಗಿ ಓದುತ್ತಿದೆ. ಖಾಲಿ ಹಾಳೆ ತೆರೆದು ‘ಡೇಟಾ’ ವಿಭಾಗದಿಂದ ಸಿಎಸ್‌ವಿ ತರಿಸಿ, ‘ಫೈಲ್ ಒರಿಜಿನ್’ ಎಂಬಲ್ಲಿ 65001 ಯುಟಿಎಫ್-8 ಆರಿಸಿ. ಕೆಟ್ಟಂತೆ ಕಂಡದ್ದನ್ನು ಹಾಗೇ ‘ಸೇವ್’ ಮಾಡಿದರೆ ಮಾತ್ರ ನಿಜವಾಗಿಯೂ ಕೆಡುತ್ತದೆ.

ವಾಟ್ಸ್‌ಆ್ಯಪ್‌ನಲ್ಲಿ ‘ಖಾತೆಯ ಮಾಹಿತಿ ಕೋರಿ’ ಎಂಬುದನ್ನು ಒತ್ತಿ ಮೂರು ದಿನ ಕಾದರೆ ಬರುವ ವರದಿಯಲ್ಲಿ ಸಂದೇಶಗಳು ಇರುವುದಿಲ್ಲ. ಮಾತುಕತೆಗಳನ್ನು ಒಂದೊಂದಾಗಿ ‘ಎಕ್ಸ್‌ಪೋರ್ಟ್ ಚಾಟ್’ ಮೂಲಕವೇ ತೆಗೆಯಬೇಕು. ಅದಕ್ಕೂ ಮಿತಿಯಿದೆ: ಚಿತ್ರ-ವಿಡಿಯೊ ಸಹಿತವಾದರೆ ಇತ್ತೀಚಿನ 10,000 ಸಂದೇಶ, ಬರೀ ಪಠ್ಯವಾದರೆ 40,000. ಅದಕ್ಕಿಂತ ಹಳೆಯವು ಹೇಳದೆ ಕೇಳದೆ ಬಿಟ್ಟುಹೋಗುತ್ತವೆ. ಕುಟುಂಬದ ಗುಂಪುಗಳು ‘ಗುಡ್ ಮಾರ್ನಿಂಗ್’ ಚಿತ್ರಗಳಿಂದಲೇ ಈ ಮಿತಿ ದಾಟಿರುತ್ತವೆ, ಎಕ್ಸ್‌ಪೋರ್ಟ್ ಆದ ಫೈಲಿನ ಮೊದಲ ಸಂದೇಶದ ತಾರೀಖು ನೋಡಿ. ಗುಂಪಿನಲ್ಲಿ ಯಾರಾದರೂ ‘ಅಡ್ವಾನ್ಸ್ಡ್ ಚಾಟ್ ಪ್ರೈವಸಿ’ ಹಾಕಿದ್ದರೆ ಎಕ್ಸ್‌ಪೋರ್ಟ್ ಆಗುವುದೇ ಇಲ್ಲ.

ಅಳಿಸುವ ಮೊದಲು ಮಾಡಬೇಕಾದ ಪರೀಕ್ಷೆ ಅರ್ಧ ಗಂಟೆಯದು. ಟೇಕ್‌ಔಟ್ ಕಟ್ಟಿನೊಳಗೆ ಏನೇನಿದೆ ಎಂದು ತೋರಿಸುವ ಒಂದು ಎಚ್‌ಟಿಎಂಎಲ್ ಪುಟ ಇರುತ್ತದೆ. ಯಾವುದಾದರೂ ತೆಗೆಯಲಾಗದಿದ್ದರೆ ಅಲ್ಲಿ ನಮೂದಾಗಿರುತ್ತದೆ. ಅತ್ಯಂತ ಹಳೆಯ ಮೇಲ್ ಒಂದನ್ನು, ಉದ್ದದ ವಿಡಿಯೊ ಒಂದನ್ನು ಕೊನೆಯವರೆಗೆ, ಕನ್ನಡದಲ್ಲಿರುವ ಒಂದು ದಾಖಲೆಯನ್ನು ತೆರೆದು ನೋಡಿ. ಎರಡು ಬೇರೆ ಡಿಸ್ಕುಗಳಲ್ಲಿ ಪ್ರತಿ ಇರಲಿ. ಆಮೇಲೆ ಅಳಿಸಿ. ಅಳಿಸಿದರೂ ಬ್ಯಾಕಪ್ ಆದ ಫೋಟೊಗಳು 60 ದಿನ, ಮೇಲ್ ಮತ್ತು ಡ್ರೈವ್ ಫೈಲುಗಳು 30 ದಿನ ಕಸದಬುಟ್ಟಿಯಲ್ಲಿರುತ್ತವೆ. ಜಾಗ ಬೇಗ ಬಿಡುಗಡೆಯಾಗಲಿ ಎಂದು ಅಂದೇ ಬುಟ್ಟಿ ಖಾಲಿ ಮಾಡಿದರೆ ಈ ಕೊನೆಯ ಅವಕಾಶವೂ ಹೋಗುತ್ತದೆ. ಸೈಬರ್ ಸೆಂಟರಿನ ಕಂಪ್ಯೂಟರಿನಲ್ಲಿ ಮಾತ್ರ ಈ ಕೆಲಸ ಬೇಡವೇ ಬೇಡ. ನಿಮ್ಮ ಇಡೀ ಮೇಲ್ ಪೆಟ್ಟಿಗೆ ಪಾಸ್‌ವರ್ಡ್ ಇಲ್ಲದೆ ಅಲ್ಲಿನ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಉಳಿದುಬಿಡುತ್ತದೆ.

ಸಾಮಾನ್ಯ ಖಾತೆಯವರಿಗೆ ಇಷ್ಟು ಸಾಕು. ಕಾಲೇಜು, ಕಚೇರಿ ಕೊಟ್ಟ ಖಾತೆಗಳ ಪಾಡು ಬೇರೆ. ಅಲ್ಲಿ ಟೇಕ್‌ಔಟ್ ಇರಬೇಕೋ ಬೇಡವೋ ಎಂಬುದು ಸಂಸ್ಥೆಯ ಅಡ್ಮಿನ್ ಕೈಯಲ್ಲಿದೆ. ಸೇವೆ ಲಭ್ಯವಿಲ್ಲ ಎಂದು ಬಂದರೆ ವಿದ್ಯಾರ್ಥಿ ಎಷ್ಟು ಸಲ ಒತ್ತಿದರೂ ವ್ಯರ್ಥ. ಶಾಲಾ ಖಾತೆಯಿಂದ ಸ್ವಂತ ಖಾತೆಗೆ ಮೇಲ್ ಮತ್ತು ಡ್ರೈವ್ ಫೈಲುಗಳನ್ನು ನೇರವಾಗಿ ವರ್ಗಾಯಿಸುವ ಸೌಲಭ್ಯವನ್ನು ಗೂಗಲ್ ಕೊಟ್ಟಿದೆ, ಅದಕ್ಕೂ ಅಡ್ಮಿನ್ ಒಪ್ಪಿಗೆ ಬೇಕು. ಕೊನೆಯ ಸೆಮಿಸ್ಟರ್ ಮುಗಿಯುವ ಮೊದಲೇ ಕೇಳಿ ತೆಗೆಸಿಕೊಳ್ಳಬೇಕು.

ಕಾನೂನಿನ ಆಸರೆ ಇಲ್ಲಿ ತೆಳು. ಯುರೋಪಿನಲ್ಲಿ 2018ರ ಮೇ 25ರಿಂದ ಜಾರಿಯಲ್ಲಿರುವ ಜಿಡಿಪಿಆರ್ ಎಂಬ ದತ್ತಾಂಶ ರಕ್ಷಣಾ ಕಾನೂನಿನ 20ನೇ ವಿಧಿ, ತನ್ನ ಮಾಹಿತಿಯನ್ನು ಯಂತ್ರ ಓದಬಲ್ಲ ರೂಪದಲ್ಲಿ ಪಡೆದು ಬೇರೆಡೆಗೆ ಒಯ್ಯುವ ಹಕ್ಕನ್ನು ನಾಗರಿಕನಿಗೆ ಕೊಡುತ್ತದೆ. ದತ್ತಾಂಶ ರಕ್ಷಣೆ ಕುರಿತ ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಸಮಿತಿಯ 2018ರ ಕರಡಿನಲ್ಲೂ 2019ರ ಮಸೂದೆಯಲ್ಲೂ ನಮಗೆ ಇಂಥ ಹಕ್ಕಿತ್ತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಅದು ಇಲ್ಲ. 11ನೇ ಸೆಕ್ಷನ್ನು ಕೊಡುವುದು ಮಾಹಿತಿಯ ಸಾರಾಂಶ ಕೇಳುವ ಹಕ್ಕನ್ನು. ಕೈಬಿಟ್ಟಿರುವ ಆ ಹಕ್ಕನ್ನು ತಿದ್ದುಪಡಿಯ ಮೂಲಕ ಮರಳಿ ಸೇರಿಸುವಂತೆ ರಾಜ್ಯದ ಸಂಸದರು ಒತ್ತಾಯಿಸಬೇಕು. ಅದಕ್ಕೆ ಕಾಯದೆ ನಮ್ಮ ವಿಶ್ವವಿದ್ಯಾಲಯಗಳು ಇಂದೇ ಮಾಡಬಹುದಾದದ್ದೂ ಒಂದಿದೆ: ವಿದ್ಯಾರ್ಥಿಗಳ ಖಾತೆ ಮುಚ್ಚುವ ಕನಿಷ್ಠ 60 ದಿನ ಮೊದಲು ಕನ್ನಡದಲ್ಲೂ ನೋಟಿಸ್ ಕೊಡುವುದು, ಆ 60 ದಿನವೂ ಟೇಕ್‌ಔಟ್ ಮತ್ತು ವರ್ಗಾವಣೆ ಎರಡನ್ನೂ ತೆರೆದಿಡುವುದು.

ಇಂತಿ,
ತಂತ್ರಾಂಶ ಕ್ಷೇತ್ರದ ಓದುಗ, ಮೈಸೂರು